ಅಂಚು ಕೂಡಿಸಿದ ಆಕಾಶ

ಊಟದ ಮೇಜಿನ ಒಂದು ತುದಿಯನ್ನು ಚಿಕ್ಕಮ್ಮ ಎತ್ತಿಯೇ ಬಿಟ್ಟಿದ್ದರು. ಇನ್ನೊಂದು ತುದಿಯನ್ನು ಸೊಸೆ ಎರಡೂ ಕೈಯಿಂದ ಅದುಮಿ ಹಿಡಿದಿದ್ದಳು.

"ಬಿಡೇ, ಸ್ಮಶಾನದಿಂದ ಜನ ಬರೋ ಹೊತ್ತಾಯ್ತು. ಊಟ ಎಲ್ಲಿಡ್ಲಿ, ನನ್ನ ತಲೆ ಮೇಲಾ?"

"ಮಂಚದ ಮೇಲಿಡಿ, ನೆಲದ ಮೇಲಿಡಿ ಚಿಕ್ಕಮ್ಮ. ಇದನ್ನ ಮಾತ್ರ ಅಲ್ಲಾಡಿಸಬೇಡಿ."

ಮೇಜಿನ ಮೇಲೆ ಅಗಲವಾದ ಹಲಗೆ, ಹಲಗೆಯ ಮೇಲೆ ಅತ್ತೆ ಬಿಟ್ಟುಹೋದ ಪಜಲ್. ನಾಲ್ಕು ಕಡೆಯ ಅಂಚಷ್ಟೇ ಕೂಡಿತ್ತು, ಒಳಗೆಲ್ಲ ಖಾಲಿ. ಉಳಿದ ತುಂಡುಗಳು ಬಣ್ಣ ಬಣ್ಣವಾಗಿ ಬೇರೆಯಾಗಿ ಬಟ್ಟಲುಗಳಲ್ಲಿದ್ದವು. ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಒಂದು ಕೆರೆ, ಒಂದು ದೋಣಿ, ಮಿಕ್ಕಿದ್ದೆಲ್ಲ ಆಕಾಶ. ಅತ್ತೆಯ ಬೆರಳು ಕೊನೆಯದಾಗಿ ಆಡಿದ್ದು ಇದರ ಮೇಲೆ. ಒಂದು ತುಂಡೂ ಕದಲದಂತೆ ಇದನ್ನು ಹೀಗೆಯೇ ಉಳಿಸಿಕೊಳ್ಳಬೇಕು ಎಂದು ಸೊಸೆ ಬೆಳಗ್ಗೆಯೇ ಗಟ್ಟಿ ಮಾಡಿಕೊಂಡಿದ್ದಳು.

ಚಿಕ್ಕಮ್ಮ ಸೋತು ಮೇಜನ್ನು ಮೆಲ್ಲಗೆ ಇಳಿಸಿದರು. "ಅಕ್ಕನ ಹಟ ಅಕ್ಕನ ಜೊತೆ ಹೋಯ್ತು ಅಂದ್ಕೊಂಡಿದ್ದೆ. ನಿನಗೆ ಬಿಟ್ಟು ಹೋಗಿದ್ದಾಳೆ ಮಹರಾಯ್ತಿ." ಹೇಳುತ್ತ ಹೇಳುತ್ತ ಅವರ ದನಿ ಒಡೆಯಿತು. ಸೊಸೆ ಅವರನ್ನು ತಬ್ಬಿಕೊಂಡಳು.

ಜನ ಬಂದರು. ನೆಂಟರು ನಾಲ್ಕಾರು ಮಂದಿ. ಉಳಿದವರೆಲ್ಲ ಅತ್ತೆಯ ಗಿರಾಕಿಗಳು. ಆಟಿಕೆ ಅಂಗಡಿಯ ಹಿಂದಿನ ಮೂಲೆಯಲ್ಲಿ ದೊಡ್ಡವರ ಪಜಲ್ ಮಾರುತ್ತಿದ್ದ ಹೆಂಗಸಿಗೆ ಇಷ್ಟು ಜನ ಸೇರುತ್ತಾರೆಂದು ಮನೆಯವರು ಕನಸಿನಲ್ಲೂ ಎಣಿಸಿರಲಿಲ್ಲ. ಅಕ್ಕಪಕ್ಕದ ಮನೆಗಳಿಂದ ಕುರ್ಚಿ ತರಿಸಿದ್ದೂ ಸಾಲಲಿಲ್ಲ.

"ನಾನು ಹೂವಿನ ತೋಟದ ಚಿತ್ರ ಕೇಳಿದ್ರೆ ಕೊಡಲೇ ಇಲ್ಲ ಕಣ್ರೀ," ಎಂದಳು ಆಸ್ಪತ್ರೆಯ ನರ್ಸ್. "'ಎಲೆಯೆಲ್ಲ ಒಂದೇ ಹಸಿರು, ಡ್ಯೂಟಿ ಮುಗಿಸಿ ಬಂದು ಕಣ್ಣು ಹಾಳು ಮಾಡ್ಕೋತೀರಾ' ಅಂತ ರೈಲ್ವೆ ಸ್ಟೇಷನ್ನಿಂದು ಕೊಟ್ರು. ಒಬ್ಬ ಪ್ರಯಾಣಿಕನನ್ನಾದ್ರೂ ಕೂಡಿಸದೆ ನಾನೀಗ ಮಲಗಲ್ಲ."

"ನನಗಂತೂ ಬೈದಿದ್ರು," ಎಂದರು ಹಲ್ಲಿನ ಡಾಕ್ಟರು. "'ಬೆಲೆ ಆಮೇಲೆ ನೋಡಿ, ಮೊದಲು ಬೆರಳಲ್ಲಿ ಉಜ್ಜಿ ನೋಡಿ' ಅಂತ. ಚಿತ್ರದ ಕಾಗದ ಎದ್ದು ಬಂದ್ರೆ ಆ ಕಂಪನಿಗೆ ಕೈಮುಗಿದು ಬಿಡಬೇಕಂತೆ."

ಎಲ್ಲರೂ ನಕ್ಕರು. ಸಾವಿನ ಮನೆ ಎನ್ನುವುದು ಆಮೇಲೆ ನೆನಪಾಗಿ ತಲೆ ತಗ್ಗಿಸಿದರು.

ಮಾವ ಮಾತ್ರ ನಗಲಿಲ್ಲ. ಮನೆಗಳಿಗೆ ಬಣ್ಣ ಹೊಡೆಯುತ್ತ ಆಯಸ್ಸು ಕಳೆದ ಮನುಷ್ಯ, ಹೆಂಡತಿಯ ಪಜಲಿನ ಉಸಾಬರಿಗೆ ಎಂದೂ ಹೋದವರಲ್ಲ. ಬೇರೆಲ್ಲೂ ಜಾಗವಿಲ್ಲದೆ ಮೇಜಿನ ಬಳಿಯ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಏನೂ ತೋಚದ ಅವರ ಕೈ ಒಂದು ಬಟ್ಟಲಿನೊಳಗೆ ಇಳಿದು ನೀಲಿ ತುಂಡೊಂದನ್ನು ಎತ್ತಿಕೊಂಡಿತು.

"ಮಾವ, ಬೇಡಿ." ಸೊಸೆ ಅವರ ಬೆರಳುಗಳ ನಡುವಿನಿಂದ ತುಂಡನ್ನು ಬಿಡಿಸಿಕೊಂಡಳು. "ಅತ್ತೆ ಇಟ್ಟ ಹಾಗೇ ಇರ್ಲಿ."

"ಹೂಂ, ಇರ್ಲಿ ಇರ್ಲಿ. ನನಗೇನು ಗೊತ್ತಮ್ಮ ಅದೆಲ್ಲ." ಮಾವ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಎದುರಿನ ಗೋಡೆ ನೋಡತೊಡಗಿದರು.

*

ಸೊಸೆಯೂ ಒಂದು ಕಾಲದಲ್ಲಿ ಗಿರಾಕಿಯೇ. ಹೆತ್ತ ತಾಯಿಯನ್ನು ಕಳೆದುಕೊಂಡ ವರ್ಷ, ಮನೆಗೆ ಹೋಗಲು ಮನಸ್ಸಿಲ್ಲದೆ ಆ ಅಂಗಡಿಗೆ ನುಗ್ಗಿದ್ದಳು.

"ನಿಮ್ಮಲ್ಲಿರೋದ್ರಲ್ಲೇ ತುಂಬಾ ಕಷ್ಟದ್ದು ಕೊಡಿ," ಎಂದಿದ್ದಳು.

ಗಲ್ಲಾದ ಆಚೆಗಿದ್ದ ಹೆಂಗಸು ಕನ್ನಡಕದ ಮೇಲಿನಿಂದ ಅವಳ ಮುಖ ನೋಡಿದರು. "ಕಷ್ಟ ನಿನ್ನ ಹತ್ರ ಆಗಲೇ ಇರೋ ಹಾಗಿದೆಯಲ್ಲಮ್ಮ. ದುಡ್ಡು ಕೊಟ್ಟು ಇನ್ನಷ್ಟು ಯಾಕೆ?"

ಅವಳಿಗೆ ಅಳು ಬಂತು. ಅವರು ಅದನ್ನು ಕಾಣದವರಂತೆ ಅಟ್ಟದಿಂದ ಪೆಟ್ಟಿಗೆಯೊಂದನ್ನು ಇಳಿಸಿ, ನೋಡಲೆಂದು ಇಟ್ಟಿದ್ದ ತುಂಡುಗಳನ್ನು ಅವಳ ಅಂಗೈಗೆ ಸುರಿದರು. ಪೇಟೆ ಬೀದಿಯ ಚಿತ್ರ. "ಎರಡು ಕೂಡಿಸು. ಈಗ ಎತ್ತಿ ಅಲ್ಲಾಡಿಸು. ಬಿಡ್ತಾ? ಬಿಡಲಿಲ್ಲ. ಕೂಡಿಸಿದ ಮೇಲೆ ಹಿಡ್ಕೋಬೇಕು, ಇಲ್ಲದಿದ್ರೆ ಅದು ಬರೀ ರಟ್ಟು. ಇದ್ರಲ್ಲಿ ಒಂದೊಂದು ಅಂಗಡಿಗೂ ಒಂದೊಂದು ಬಣ್ಣ. ದಿನಕ್ಕೊಂದು ಅಂಗಡಿ ಮುಗಿಸು, ಸಾಕು. ಆಕಾಶ ಜಾಸ್ತಿ ಇರೋದನ್ನ ಕಣ್ಣೆತ್ತಿಯೂ ನೋಡಬೇಡ. ಒಂದೇ ನೀಲಿ, ತಲೆ ಕೆಟ್ಟುಹೋಗತ್ತೆ."

ಆ ಬೀದಿ ಮುಗಿಯುವಷ್ಟರಲ್ಲಿ ಅವಳಿಗೆ ನಿದ್ದೆ ಮರಳಿತ್ತು. ಇನ್ನೊಂದಕ್ಕೆ ಹೋದಳು, ಮತ್ತೊಂದಕ್ಕೆ ಹೋದಳು. ಸಂಜೆ ತಾಯಿಯನ್ನು ಕರೆದೊಯ್ಯಲು ಬರುತ್ತಿದ್ದ ಮಗನ ಪರಿಚಯವೂ ಆಯಿತು. "ಒಂದು ಕೊಂಡರೆ ಒಂದು ಉಚಿತ ಅಂತ ಮಗನನ್ನೂ ಕಟ್ಟಿಕೊಟ್ಟೆ," ಎಂದು ಅತ್ತೆ ಮದುವೆಯಾದ ಮೇಲೂ ಬಂದವರೆದುರು ಹೇಳಿ ನಗಿಸುತ್ತಿದ್ದರು. ಎರಡನೆಯ ಸಲ ತಾಯಿ ಸಿಗುವ ಪುಣ್ಯ ಎಲ್ಲರಿಗೂ ಎಲ್ಲಿ ಬರುತ್ತದೆ? ತನಗೆ ಬಂದಿತ್ತು ಎಂದು ಸೊಸೆಗೆ ಗೊತ್ತಿತ್ತು.

*

ಜನ ಕರಗುತ್ತಿದ್ದಂತೆ, ಅತ್ತೆಯ ಜೊತೆ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಕ್ಯಾಶಿಯರ್ ಮೇಜಿನ ಬಳಿ ಬಂದು ನಿಂತಳು. ಹಲಗೆಯನ್ನು ನೋಡಿದಳು, ಬಟ್ಟಲುಗಳನ್ನು ನೋಡಿದಳು.

"ಇನ್ನೂ ಕೊಟ್ಟಿಲ್ವಾ ಇದನ್ನ?"

"ಯಾರಿಗೆ ಕೊಡೋದು? ಅತ್ತೆ ಅರ್ಧಕ್ಕೆ ಬಿಟ್ಟಿದ್ದು ಇದು."

"ಅರ್ಧ ಅಲ್ಲಮ್ಮ, ಅಕ್ಕನ ಕೆಲಸ ಪೂರ್ತಿ ಆಗಿದೆ. ಪೆಟ್ಟಿಗೆ ತೆಗೆಯೋಕೇ ಹೆದರೋರು ಇರ್ತಾರಲ್ಲ, ಅಂಥವರಿಗೆ ಅಂಚು ಕೂಡಿಸಿ, ಬಣ್ಣ ಬೇರೆ ಮಾಡಿ, ಹೀಗೇ ಹಲಗೆ ಸಮೇತ ಕಳಿಸೋರು. ಎಲ್ಲಿ ಶುರು ಮಾಡೋದಪ್ಪಾ ಅನ್ನೋ ದಿಗಿಲು ಇರಲ್ಲ ನೋಡಿ."

ಆಮೇಲೆ ಅವಳು ದನಿ ತಗ್ಗಿಸಿದಳು. "ಡಾಕ್ಟರು ಕೈಚೆಲ್ಲಿದ ಮೇಲೆ ಅಕ್ಕ ಒಂದು ಸಲ ಅಂಗಡಿಗೆ ಬಂದಿದ್ರು. ಆಕಾಶ ಜಾಸ್ತಿ ಇರೋದು ಕೊಡು ಅಂದ್ರು. ಯಾರಿಗೂ ಮಾರಬೇಡ ಅಂತೀರಲ್ಲಕ್ಕ ಅದನ್ನ, ಅಂತ ನಾನು ನಕ್ಕೆ. 'ನಮ್ಮವರು ಬಣ್ಣ ಕಲಸಿದ ಕೈಯೋರು ಕಣೆ. ನಮಗೆ ಒಂದೇ ನೀಲಿ, ಅವರಿಗೆ ಅದರಲ್ಲೇ ಹತ್ತಾರು. ಸುಲಭದ್ದು ಕೊಟ್ರೆ ಬೇಗ ಮುಗಿಸಿ ಸುಮ್ನೆ ಗೋಡೆ ನೋಡ್ತಾ ಕೂತ್ಬಿಡ್ತಾರೆ. ಇದು ನಿಧಾನವಾಗಿ ಆಗ್ಲಿ' ಅಂದ್ರು."

ಸೊಸೆ ತಿರುಗಿ ನೋಡಿದಳು. ಮಾವ ತೊಡೆಯ ಮೇಲೆ ಕೈಯಿಟ್ಟುಕೊಂಡು ಗೋಡೆ ನೋಡುತ್ತ ಕೂತಲ್ಲೇ ಕೂತಿದ್ದರು. ಆ ಕೈಯಿಂದ ತುಂಡನ್ನು ಬಿಡಿಸಿದವಳು ತಾನೇ. ಬೆಳಗ್ಗಿನಿಂದ ಕಾವಲು ಕಾದು, ಯಾರಿಗೆ ಸಲ್ಲಬೇಕೋ ಅವರಿಗೇ ಬೇಡ ಎಂದಿದ್ದಳು. ನಾಚಿಕೆಯಾಯಿತು. ಇದನ್ನೂ ಯೋಚಿಸಿ ಹೋಗಿದ್ದ ಅತ್ತೆಯ ಕಾಲು ಹಿಡಿಯಬೇಕು ಅನ್ನಿಸಿತು.

ಅವಳು ನೀಲಿ ಬಟ್ಟಲನ್ನು ತಂದು ಅವರ ಮುಂದಿಟ್ಟಳು. "ಮಾವ, ಇದು ನಿಮ್ದಂತೆ."

"ನಂದಾ?"

"ಅತ್ತೆ ನಿಮಗೇ ಅಂತ ಮಾಡಿಟ್ಟಿದ್ದು. ನಾನು ಗೊತ್ತಿಲ್ದೆ ಅಡ್ಡ ನಿಂತೆ. ತಪ್ಪಾಯ್ತು."

ಮಾವ ಕೂಡಿದ ಅಂಚಿನ ಮೇಲೆ ಬೆರಳಾಡಿಸಿದರು. "ನನಗೊಂದು ಮಾತು ಹೇಳಲಿಲ್ಲ ನೋಡು ಅವಳು."

"ಹೇಳಿದ್ರೆ ಮುಟ್ತಿದ್ರಾ ಭಾವ?" ಎಂದರು ಚಿಕ್ಕಮ್ಮ ಅಡುಗೆಮನೆಯ ಬಾಗಿಲಿನಿಂದ.

"ಇಲ್ಲ," ಎಂದು ಮಾವ ಒಪ್ಪಿಕೊಂಡರು. ಹೇಳುವಾಗಲೇ ಕಣ್ಣು ತುಂಬಿತು. ಅಂಗಿಯ ತೋಳಿನಿಂದ ಒರೆಸಿಕೊಂಡು ಒಂದು ತುಂಡನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. "ಇದು ಮೇಲಿನದಲ್ಲಮ್ಮ. ಚೂರು ಬಿಳಿ ಬೆರೆತಿದೆ. ನೀರಿನ ಹತ್ತಿರದ್ದು." ಇನ್ನೊಂದನ್ನು ಎತ್ತಿದರು. ತುದಿಯಲ್ಲಿ ಕೂತಿದ್ದ ಮಾವ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು.

ಹೊರಡಲು ನಿಂತವರು ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡು, "ನಾವಿನ್ನು ಹೊರಟ್ವಿ ಯಜಮಾನ್ರೇ," ಎಂದರು. ಮಾವ ತಿರುಗಿ ನೋಡಲಿಲ್ಲ. ಎಡಗೈಯನ್ನು ಮೇಲೆತ್ತಿ, ಸ್ವಲ್ಪ ತಾಳಿ ಎನ್ನುವಂತೆ ಹಿಡಿದರು. ಬಲಗೈಯಲ್ಲಿ ಒಂದು ಚೂರು ನೀಲಿ ಖಾಲಿ ಹಲಗೆಯ ಮೇಲೆ ತನ್ನ ಜಾಗ ಹುಡುಕುತ್ತ ಮೆಲ್ಲಗೆ ಸರಿಯುತ್ತಿತ್ತು.