ಬೀಪ್ ಅನ್ನದ ಸ್ವಿಚ್ಚು

ಲೈಲ್ ಹ್ಯಾಡ್ಲಿಯ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಹದಿನಾಲ್ಕು ತಿಂಗಳಿಂದ ಒಂದು ಮರದ ಆಮೆ ಕೂತಿತ್ತು. ಅಂಗೈ ಅಗಲದ್ದು, ಹಸಿರು ಬಣ್ಣ ಅಲ್ಲಲ್ಲಿ ಎದ್ದುಹೋಗಿತ್ತು, ಒಂದು ಕಣ್ಣೂ ಇರಲಿಲ್ಲ. ರಸ್ತೆಯಲ್ಲಿ ಬಿದ್ದಿದ್ದರೆ ನಾಯಿಯೂ ಮೂಸುತ್ತಿರಲಿಲ್ಲ. ಆದರೆ ಸ್ಯಾಕ್ರಮೆಂಟೋ ಸುತ್ತಮುತ್ತಲಿನ ಒಂಬತ್ತು ಮಂದಿ, ಪೆಟ್ರೋಲು-ಬ್ಯಾಟರಿ ಎರಡರಲ್ಲೂ ಓಡುವ ಹೈಬ್ರಿಡ್ ಕಾರಿನವರು, ತಿಂಗಳ ಮೊದಲ ಶನಿವಾರ ಲೈಲ್‌ನ ಮನೆ ಮುಂದೆ ಸೇರಿದಾಗ, ಗ್ಯಾಲನ್ ಪೆಟ್ರೋಲಿಗೆ ಎಲ್ಲರಿಗಿಂತ ಹೆಚ್ಚು ಮೈಲಿ ಓಡಿಸಿದವನಿಗೆ ಸಿಗುತ್ತಿದ್ದದ್ದು ಆ ಆಮೆಯೇ. ಅದಕ್ಕಾಗಿ ಮೊಮ್ಮಕ್ಕಳನ್ನು ಕಂಡ ಈ ಗಂಡಸರು ಬರಿಗಾಲಲ್ಲಿ ಪೆಡಲ್ ಒತ್ತುತ್ತಿದ್ದರು, ಜುಲೈ ಬಿಸಿಲಲ್ಲಿ ಎ.ಸಿ. ಹಾಕದೆ ಬೇಯುತ್ತಿದ್ದರು, ಒಂದು ಇಳಿಜಾರು ಸಿಗುತ್ತದೆಂದು ಎರಡು ಬೀದಿ ಸುತ್ತಿ ಮನೆಗೆ ಬರುತ್ತಿದ್ದರು. ಲೈಲ್ ಬೆಳಿಗ್ಗೆ ಎದ್ದು ಹೆಂಡತಿಯ ಮುಖಕ್ಕಿಂತ ಮೊದಲು ಆಮೆಯ ಮುಖ ನೋಡುತ್ತಾನೆ ಎಂದು ಅವನ ಹೆಂಡತಿಯೇ ಆಡಿಕೊಳ್ಳುತ್ತಿದ್ದಳು.

ಲೈಲ್ ಟೆಲಿಫೋನ್ ಕಂಪನಿಯಲ್ಲಿ ಮೂವತ್ತು ವರ್ಷ ಕಂಬ ಹತ್ತಿ ನಿವೃತ್ತನಾದವನು. ತಂತಿ ಕೆಲಸದಲ್ಲಿ ಅವನನ್ನು ಮೀರಿಸುವವರು ಆ ಗುಂಪಿನಲ್ಲಿರಲಿಲ್ಲ. ಜಪಾನಿನಲ್ಲಿ ಮಾರುವ ಇದೇ ಕಾರಿನಲ್ಲಿ ಒಂದು ಗುಂಡಿ ಇರುತ್ತದೆ. ಒತ್ತಿದರೆ ಎಂಜಿನ್ ಸುಮ್ಮನಾಗಿ ಕಾರು ಬರೀ ಬ್ಯಾಟರಿಯ ಮೇಲೆ ಓಡುತ್ತದೆ. ಅಮೆರಿಕಕ್ಕೆ ಬಂದ ಕಾರಿಗೆ ಆ ಗುಂಡಿಯಿಲ್ಲ, ಒಳಗಿನ ಕಂಪ್ಯೂಟರಿನಲ್ಲಿ ಅದರ ಜಾಗ ಮಾತ್ರ ಖಾಲಿ ಬಿಟ್ಟಿದ್ದಾರೆ. ಊಟಕ್ಕೆ ಕರೆದು ಎಲೆ ಹಾಕಿ ಬಡಿಸದೆ ಎದ್ದುಹೋದ ಹಾಗೆ ಎಂದು ಇವರಿಗೆ ಸಿಟ್ಟು. ಹೊರಗಿನಿಂದ ಸ್ವಿಚ್ಚು ತರಿಸಿ, ಲೈಲ್ ಒಬ್ಬೊಬ್ಬರ ಕಾರಿಗೂ ಕೂಡಿಸಿಕೊಟ್ಟಿದ್ದ. ಎರಡು ಸಾವಿರದ ಆರರ ಮೇ ತಿಂಗಳಿಗೆ ಉಳಿದಿದ್ದವನು ವೆಂಡೆಲ್ ಪ್ರೌಟಿ ಒಬ್ಬನೇ.

ವೆಂಡೆಲ್ ಶಾಲೆಯ ಲೈಬ್ರರಿಯಲ್ಲಿದ್ದವನು, ಮದುವೆಯಾಗಿರಲಿಲ್ಲ. ತಾಯಿಯನ್ನು ಕೊನೆಯವರೆಗೆ ನೋಡಿಕೊಂಡ. ತಾಯಿ ಹೋದಮೇಲೆ ಅವನನ್ನು ಹೆಸರು ಹಿಡಿದು ಕರೆಯುವವರು ಈ ಶನಿವಾರದ ಮಂದಿ ಮಾತ್ರ. ಅದನ್ನು ಅವನೇ ಒಂದು ಸಲ ನಾಚಿಕೆಯಿಲ್ಲದೆ ಹೇಳಿಬಿಟ್ಟಿದ್ದ, ಎಲ್ಲರೂ ತಮ್ಮ ಕಾಫಿ ಲೋಟ ನೋಡಿಕೊಂಡಿದ್ದರು. ಬರುವುದು ತಡ, ಮಾತು ಜಾಸ್ತಿ, ಪ್ರತಿ ಸಲ ಅದೇ ನಿಂಬೆಯ ಸಿಹಿ ಬಿಲ್ಲೆಗಳ ಡಬ್ಬ. ಮೈಲೇಜು ಗುಂಪಿನಲ್ಲೇ ಕಡೆಯದು, ನಲವತ್ತಮೂರು.

"ಅವನಿಗೆ ಬರೀ ದೀಪ ಹಾಕಿಕೊಡೋಣ ಕಣೋ," ಎಂದ ರಸ್ ಬಾಲ್ಡುಚಿ. ಹಲ್ಲಿನ ಡಾಕ್ಟರು, ಲೈಲ್‌ನ ಜೀವದ ಗೆಳೆಯ, ಬಾಯಿ ಮಾತ್ರ ಹೊಲಸು. "ಗುಂಡಿ ಒತ್ತಿದ್ರೆ ದೀಪ ಹತ್ತತ್ತೆ, ಅಷ್ಟೇ. ಕಂಪ್ಯೂಟರಿಗೆ ತಂತೀನೇ ಕೊಡಬೇಡ. ಎಷ್ಟು ದಿನಕ್ಕೆ ಗೊತ್ತಾಗತ್ತೋ ನೋಡೋಣ."

"ಪಾಪ ಅಲ್ವೇನೋ."

"ಪಾಪ ಏನ್ ಬಂತು? ನಿನಗೆ ಕೆಲಸ ಅರ್ಧ, ನಮಗೆ ನಗು ಪೂರ್ತಿ."

ಪಾಪ ಎಂದ ಲೈಲ್‌ನ ಕೈ ಆಗಲೇ ಕಪ್ಪು ಟೇಪಿನ ಸುರುಳಿ ಬಿಚ್ಚುತ್ತಿತ್ತು. ವೆಂಡೆಲ್ ಇವರಿಗೆ ಏನು ಕೆಟ್ಟದ್ದು ಮಾಡಿದ್ದ ಎಂದು ಕೇಳಬೇಡಿ. ಏನೂ ಮಾಡಿರಲಿಲ್ಲ. ಕೆಲವರನ್ನು ಕಂಡರೆ ಕೆಲವರ ಕೈ ತುರಿಸುತ್ತದೆ, ಅಷ್ಟೇ.

ಆ ಶನಿವಾರ ಮೂರು ಗಂಟೆ ಹೊತ್ತು ವೆಂಡೆಲ್ ಮಂಡಿಯೂರಿ ಟಾರ್ಚು ಹಿಡಿದ. ಲೈಲ್ ಎಡಗಡೆ, ಓಡಿಸುವವನ ಸೀಟಿನ ಮುಂದೆ ಗುಂಡಿ ಕೂಡಿಸಿ, ಡ್ಯಾಶ್‌ಬೋರ್ಡಿನ ಬಲಗಡೆಯ ಸಾಮಾನು ಪೆಟ್ಟಿಗೆಯನ್ನು ಕಳಚಿ ಅದರ ಹಿಂದಿನ ಕಂಪ್ಯೂಟರಿನವರೆಗೆ ತಂತಿ ಎಳೆದ. ಅಲ್ಲಿ ಅದನ್ನು ಸೇರಿಸಲಿಲ್ಲ. ತುದಿಗೆ ಟೇಪು ಸುತ್ತಿ, ಬೇರೆ ತಂತಿಗಳ ನಡುವೆ ತುರುಕಿ, ಪೆಟ್ಟಿಗೆ ಮುಚ್ಚಿದ. ಗುಂಡಿ ಒತ್ತಿದಾಗ ಹಸಿರು ದೀಪ ಹತ್ತಿತು. ವೆಂಡೆಲ್ ಎರಡೂ ಕೈಯಿಂದ ಲೈಲ್‌ನ ಕೈ ಹಿಡಿದುಕೊಂಡ.

"ನನಗೋಸ್ಕರ ಇಡೀ ಶನಿವಾರ ಹಾಳುಮಾಡ್ಕೊಂಡ್ರಲ್ಲೋ," ಎಂದ.

ರಸ್ ಕೆಮ್ಮು ಬಂದವನಂತೆ ಗ್ಯಾರೇಜಿನೊಳಕ್ಕೆ ಓಡಿದ.

ಜೂನ್ ತಿಂಗಳಲ್ಲಿ ವೆಂಡೆಲ್‌ನ ಲೆಕ್ಕ ನಲವತ್ತೊಂಬತ್ತು. "ಹೇಗಪ್ಪಾ ನಿನ್ನ ಸ್ವಿಚ್ಚು?" ಎಂದು ರಸ್ ಎಲ್ಲರ ಎದುರು ಕೆಣಕಿದ.

"ಅಯ್ಯೋ, ಕೇಳಬೇಡ! ಹಾಲು ಕುಡಿಯೋಕೆ ಹೋಗೋ ಬೆಕ್ಕಿನ ಹಾಗೆ ಹೋಗತ್ತೆ. ಇನ್ನೊಂದು ಗೊತ್ತಾ? ನಿಮ್ಮವೆಲ್ಲ ಬೀಪ್ ಬೀಪ್ ಬೀಪ್ ಅಂತ ಕಿರಿಚ್ತಾವಲ್ಲ, ನಂದು ಒಂದು ದಿನಾನೂ ಕಿರಿಚಿಲ್ಲ. ಲೈಲ್ ಕೈಗುಣ ಅಂದ್ರೆ ಹಾಗೆ."

ವೇಗ ಹೆಚ್ಚಿದ್ದರೆ, ಬ್ಯಾಟರಿ ಇಳಿದಿದ್ದರೆ ನಿಜವಾದ ಸ್ವಿಚ್ಚು ಒಲ್ಲೆ ಎಂದು ಮೂರು ಸಲ ಕೂಗುತ್ತದೆ. ಎಲ್ಲಿಗೂ ಸೇರದ ತಂತಿ ಏನು ಕೂಗೀತು! ಸುದ್ದಿ ಆಗಲೇ ಎಂಟು ಜನರಿಗೂ ಹಬ್ಬಿತ್ತು. ಎಂಟು ಜನರೂ ಆಕಾಶ ನೋಡಿದರು.

ಆದರೆ ಒಂದು ವಿಚಿತ್ರ ನಡೆಯಿತು. ಮೆಲ್ಲಗೆ ಹೊರಟರೆ ಈ ಕಾರು ಯಾವ ಗುಂಡಿಯೂ ಇಲ್ಲದೆ ತಾನಾಗಿಯೇ ಬ್ಯಾಟರಿಯ ಮೇಲೆ ಓಡುತ್ತದೆ. ಪೆಡಲ್ ಜೋರಾಗಿ ತುಳಿದಾಗ ಎಂಜಿನ್ ಎದ್ದುಬಿಡುತ್ತದೆ. ಹಸಿರು ದೀಪ ಉರಿಯುತ್ತಿರುವಾಗ ಎಂಜಿನ್ ಎದ್ದರೆ ಗೆಳೆಯರ ಕೆಲಸಕ್ಕೆ ತಾನೇ ಅವಮಾನ ಮಾಡಿದಂತೆ ವೆಂಡೆಲ್‌ಗೆ ಅನ್ನಿಸುತ್ತಿತ್ತು. ಹಾಗಾಗಿ ಮೊಟ್ಟೆಯ ಮೇಲೆ ಕಾಲಿಟ್ಟವನಂತೆ ಓಡಿಸಿದ. ಜುಲೈನಲ್ಲಿ ಐವತ್ತೆರಡು. ಆಗಸ್ಟಿನಲ್ಲಿ ಐವತ್ತೈದು. ಸೆಪ್ಟೆಂಬರಿನಲ್ಲಿ ಐವತ್ತೇಳು, ಲೈಲ್‌ನದಕ್ಕಿಂತ ಒಂದು ಹೆಚ್ಚು.

ಆಮೆ ಲೈಲ್‌ನ ಕೈಯಿಂದ ವೆಂಡೆಲ್‌ನ ಕೈಗೆ ಹೋಯಿತು. ವೆಂಡೆಲ್ ಅದನ್ನು ಎದೆಗೆ ಒತ್ತಿಕೊಂಡ. ಲೈಲ್ ಚಪ್ಪಾಳೆ ತಟ್ಟಿದ. ತಟ್ಟುತ್ತಲೇ ರಸ್‌ನ ಪಕ್ಕಕ್ಕೆ ಸರಿದ.

"ನಿಜ ಹೇಳಿಬಿಡ್ತೀನಿ ಈಗಲೇ," ಎಂದ ರಸ್‌ನ ಕಿವಿಯಲ್ಲಿ. "ಅವನ ಸ್ವಿಚ್ಚು ಸುಳ್ಳು ಅಂತ."

ರಸ್ ಈ ಸಲ ನಕ್ಕದ್ದು ಲೈಲ್‌ನನ್ನು ನೋಡಿ. "ಹೇಳು, ಹೇಳು. ಸ್ವಿಚ್ಚಿಲ್ಲದೇನೇ ನಿನ್ನ ಮಣ್ಣು ಮುಕ್ಕಿಸಿದ ಅಂತ ಆಗತ್ತೆ. ಅದು ಎಲ್ಲರಿಗೂ ಈಗಾಗಲೇ ಗೊತ್ತು ಗುರು, ಅವನೊಬ್ಬನಿಗೆ ಬಿಟ್ಟು."

ಲೈಲ್ ಸುತ್ತ ನೋಡಿದ. ಹೌದು, ಏಳು ಜನ ತನ್ನ ಮುಖ ನೋಡಿಯೇ ತುಟಿ ಬಿಗಿಹಿಡಿದಿದ್ದರು. ನಾಲ್ಕು ತಿಂಗಳಿಂದ ವೆಂಡೆಲ್‌ಗೆಂದು ಇಟ್ಟಿದ್ದ ನಗು ಈಗ ತನ್ನ ಪಾಲಿಗೆ ಬಂದಿತ್ತು. ಹೀಗೆ ನಗೆಪಾಟಲಾಗಿ ಅವನಿಗೆ ಅಭ್ಯಾಸವಿರಲಿಲ್ಲ.

ಆಮೆ ಕೈ ಬದಲಾದಾಗ ಸೋತವನು ಗೆದ್ದವನ ಕಾರನ್ನು ತಪಾಸಣೆ ಮಾಡಬೇಕು, ಟೈರಿನ ಗಾಳಿ, ಮೀಟರು, ಎಲ್ಲ. ಇದು ಲೈಲ್ ತಾನೇ ಮಾಡಿದ ಪದ್ಧತಿ. ಉಳಿದವರು ವೆಂಡೆಲ್‌ನ ಸಿಹಿಗೆ ಮುತ್ತಿಕೊಂಡಿದ್ದಾಗ ಲೈಲ್ ಆ ಕಾರಿನೊಳಗೆ ಕೂತು ಸಾಮಾನು ಪೆಟ್ಟಿಗೆ ಕಳಚಿದ. ಉಳಿದವರಿಗೆ ತಿಳಿಯದ ಒಂದು ಮಾತು ಅವನಿಗೆ ಗೊತ್ತಿತ್ತು: ನಿಜವಾದ ಸ್ವಿಚ್ಚು ಮೈಲೇಜು ತಿನ್ನುತ್ತದೆ. ಗುಂಡಿ ಒತ್ತಿ ಒತ್ತಿ ಬ್ಯಾಟರಿ ಖಾಲಿ ಮಾಡಿದರೆ, ಅದನ್ನು ಮತ್ತೆ ತುಂಬಲು ಎಂಜಿನ್ ದುಪ್ಪಟ್ಟು ದುಡಿಯಬೇಕು. ಅದಕ್ಕೇ ಅವನು ತನ್ನ ಸ್ವಿಚ್ಚನ್ನು ಗ್ಯಾರೇಜಿನಿಂದ ಕಾರು ಹೊರತೆಗೆಯಲು ಬಿಟ್ಟರೆ ಮುಟ್ಟುತ್ತಿರಲಿಲ್ಲ. ವೆಂಡೆಲ್ ಆದರೋ ದಿನಕ್ಕೆ ಐವತ್ತು ಸಲ ಭಕ್ತಿಯಿಂದ ಒತ್ತುತ್ತಿದ್ದ.

ಪೆಟ್ಟಿಗೆಯ ಹಿಂಬದಿಗೆ ಒಂದು ಚೀಟಿ ಅಂಟಿಸಿತ್ತು. ಲೈಬ್ರರಿಯ ಪುಸ್ತಕಗಳಿಗೆ ಅಂಟಿಸುವಂಥದ್ದು, ದುಂಡನೆಯ ಅಕ್ಷರ. "ಇದನ್ನು ನನ್ನ ಸ್ನೇಹಿತರಾದ ಲೈಲ್ ಮತ್ತು ರಸ್ ಮೇ ಆರನೆಯ ತಾರೀಕು ಕೂಡಿಸಿದರು. ಬಿಸಿಲು ಚೆನ್ನಾಗಿತ್ತು."

ಲೈಲ್ ಅದನ್ನು ಎರಡು ಸಲ ಓದಿದ. ನಾಚಿಕೆಯಾಯಿತು, ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆಮೇಲೆ ಟೇಪು ಸುಲಿದು, ತಂತಿಯ ತುದಿಯನ್ನು ಅದು ಮೊದಲೇ ಸೇರಬೇಕಾಗಿದ್ದ ಜಾಗಕ್ಕೆ ಸೇರಿಸಿದ. ಎರಡು ನಿಮಿಷದ ಕೆಲಸ.

ಅಕ್ಟೋಬರಿನಲ್ಲಿ ವೆಂಡೆಲ್‌ನದು ನಲವತ್ತೈದಕ್ಕೆ ಬಿತ್ತು. ಆಮೆ ಲೈಲ್‌ನಲ್ಲಿಗೆ ಮರಳಿತು.

"ಆಮೆ ತಲೆಗೇರಿತು ನಿಂಗೆ," ಎಂದು ರಸ್ ಕಾಲೆಳೆದ. ಈ ಎರಡನೆಯ ಕೈಚಳಕ ಅವನಿಗೂ ಗೊತ್ತಿರಲಿಲ್ಲ. "ಒಂದು ತಿಂಗಳಿಗೇ ಮೆರೆದುಬಿಟ್ಟೆ."

"ಇಲ್ಲ ಕಣೋ, ಮೊದಲಿಗಿಂತ ಮೆತ್ತಗೆ ಓಡಿಸ್ತಿದೀನಿ," ಎಂದ ವೆಂಡೆಲ್. "ಈಗೀಗ ಬೀಪ್ ಅಂತಾನೂ ಕೂಗತ್ತೆ. ಲೈಲ್, ಏನಾಗಿರಬಹುದು?"

"ಕಾಲು," ಎಂದ ಲೈಲ್. "ನಿನ್ನ ಕಾಲು ಭಾರ ಆಗಿದೆ."

ವೆಂಡೆಲ್ ನಂಬಿದ. ಇನ್ನಷ್ಟು ಸಲ ಗುಂಡಿ ಒತ್ತಿದ. ಕೂಗಿದಾಗಲೆಲ್ಲ ಸ್ಟೇರಿಂಗ್‌ಗೆ ಕ್ಷಮೆ ಕೇಳುತ್ತಿದ್ದನಂತೆ, ಅದನ್ನೂ ತಾನೇ ಹೇಳಿಕೊಂಡು ಎಲ್ಲರ ಬಾಯಿಗೆ ಬಿದ್ದ. ನವೆಂಬರಿಗೆ ನಲವತ್ತೊಂದು. ಆ ಶನಿವಾರ ಬರ್ನೀಸ್ ಎಂಬ ನರ್ಸು ಹೊಸದಾಗಿ ಬಂದಿದ್ದಳು. ಅವಳಿಗೆ ರಸ್ ವೆಂಡೆಲ್‌ನನ್ನು ಪರಿಚಯಿಸಿದ್ದು "ನಮ್ಮ ಗುಂಪಿನ ಪೆಟ್ರೋಲ್ ಬಂಕು" ಎಂದು. ಎಲ್ಲರೂ ನಕ್ಕರು. ವೆಂಡೆಲ್ ಕೂಡ ನಕ್ಕ, ಸ್ವಲ್ಪ ತಡವಾಗಿ.

ಎಲ್ಲರೂ ಹೋದಮೇಲೆ ಅವನೊಬ್ಬ ಉಳಿದ. "ಲೈಲ್, ಸ್ವಿಚ್ಚು ಬಿಚ್ಚಿಬಿಡು. ಬರ್ನೀಸ್‌ಗೆ ಹಾಕಿಕೊಡು. ನನ್ನ ಹತ್ರ ಇದ್ದು ದಂಡ."

"ಯಾಕಯ್ಯಾ, ಇರಲಿ ಬಿಡು."

"ಬೇಡ. ಒಂದು ಮಾತು ನಿಜ ಹೇಳು. ನೀನು ಮಾಡಿದ್ದರಲ್ಲಿ ಏನಾದ್ರೂ ತಪ್ಪಿದ್ಯಾ? ಸ್ವಿಚ್ಚು ಸರಿಯಾಗಿ ಕೆಲಸ ಮಾಡ್ತಿದ್ಯಾ?"

ಲೈಲ್ ಅವನ ಮುಖ ನೋಡಿದ. ಆರು ತಿಂಗಳಲ್ಲಿ ಮೊದಲ ಸಲ ಈ ಮನುಷ್ಯನಿಗೆ ನಿಜ ಹೇಳುವ ಅವಕಾಶ ಸಿಕ್ಕಿತ್ತು. ಅವನು ಅದನ್ನೇ ಹೇಳಿದ.

"ಸರಿಯಾಗಿ ಕೆಲಸ ಮಾಡ್ತಿದೆ."

"ಹಾಗಾದ್ರೆ ನಾನೇ," ಎಂದು ವೆಂಡೆಲ್ ತಲೆಯಾಡಿಸಿದ.

ಮತ್ತೆ ಮಂಡಿಯೂರಿ ಅವನೇ ಟಾರ್ಚು ಹಿಡಿದ. ಲೈಲ್ ಪೆಟ್ಟಿಗೆ ಕಳಚಿ ತಂತಿ ಎಳೆದಾಗ ತುದಿಯಲ್ಲಿ ಹಳೆಯ ಟೇಪಿನ ಅಂಟು ಇನ್ನೂ ಕಪ್ಪಗಿತ್ತು. ಬೆಳಕು ಅಲ್ಲೇ ನಿಂತಿತು.

"ಆಗ ನೀನು ಇದಕ್ಕೆ ಟೇಪು ಸುತ್ತಿದ್ದೆ ಅಲ್ವಾ," ಎಂದ ವೆಂಡೆಲ್. "ಚೀಟಿ ಅಂಟಿಸುವಾಗ ನೋಡಿದ್ದೆ. ಒಂದು ಸುಕ್ಕಿಲ್ಲದ ಹಾಗೆ, ಎಷ್ಟು ಜೋಪಾನವಾಗಿ ಸುತ್ತಿದ್ದೆ! ಅದನ್ನ ನೋಡಿ ನಂಗೆ ಅಳು ಬಂದಿತ್ತು ಕಣೋ."

ಲೈಲ್ ಚೀಟಿಯ ಅಂಚಿಗೆ ಉಗುರು ಹಾಕಿ, "ಇದನ್ನೂ ಕಿತ್ತುಬಿಡ್ಲಾ?" ಎಂದ.

"ಅದ್ಯಾಕೆ? ಸ್ವಿಚ್ಚು ಹೋಯ್ತು, ಅಷ್ಟೇ. ನೀವು ಕೂಡಿಸಿದ್ದಂತೂ ನಿಜ ತಾನೆ?"

ವೆಂಡೆಲ್ ಖಾಲಿ ಡಬ್ಬ ಎತ್ತಿಕೊಂಡು, ಬೂಟು ಬಿಚ್ಚಿ ಪಕ್ಕದ ಸೀಟಿನಲ್ಲಿಟ್ಟು, ಕಾರು ಹಿಂದಕ್ಕೆ ತೆಗೆದ. ಡ್ಯಾಶ್‌ಬೋರ್ಡಿನಲ್ಲಿ ಗುಂಡಿ ಇದ್ದ ಕಡೆ ಒಂದು ತೂತು ಉಳಿದಿತ್ತು. ಲೈಲ್ ಅಂಗಳದಲ್ಲಿ ನಿಂತು, ಎಂಜಿನ್ ಈಗ ಏಳುತ್ತದೆ, ಈಗ ಏಳುತ್ತದೆ ಎಂದು ಕಿವಿಗೊಟ್ಟು ಕಾಯುತ್ತಿದ್ದ. ಕಾರು ಬೀದಿಯ ತುದಿ ಮುಟ್ಟಿ ತಿರುಗಿ ಮರೆಯಾಗುವವರೆಗೂ ಸದ್ದು ಬರಲೇ ಇಲ್ಲ.