ಮೂರು ಬೀಗದ ಭಾಷೆ

ರವೆ ಇನ್ನೂ ಹಸಿ ವಾಸನೆ ಬಿಟ್ಟಿರಲಿಲ್ಲ. ಸಟ್ಟುಗದಿಂದ ಬಾಣಲೆಯ ತಳ ಕೆದಕುತ್ತಲೇ ವಿಮಲಮ್ಮ ಹಜಾರದ ಮಾತು ಕೇಳಿಸಿಕೊಳ್ಳುತ್ತಿದ್ದಳು. ಅದಕ್ಕಾಗಿ ಕಿವಿಗೊಡಬೇಕಾದ ಅಗತ್ಯವೇನೂ ಇರಲಿಲ್ಲ. ರಾಜಾಜಿನಗರದ ಈ ಹೊಸ ಮನೆಗಳ ಗೋಡೆ ಎಷ್ಟು ತೆಳುವೆಂದರೆ, ಪಕ್ಕದ ಮನೆಯವರು ಕೆಮ್ಮಿದರೆ ಇಲ್ಲಿಂದ ನೀರು ಕೊಡೋಣ ಎನ್ನಿಸುತ್ತಿತ್ತು. ಮೂವರು ಮೇಷ್ಟರು ಒಟ್ಟಿಗೆ ಗಂಟಲು ತೆರೆದರೆ ಕೇಳಬೇಕೆ.

ತಿಂಗಳ ಮೂರನೆಯ ಭಾನುವಾರವೆಂದರೆ ಸಮಿತಿ. ಮೂರು ಕಾಲೇಜುಗಳು ಸೇರಿ, ಫಿನ್ಲೆಂಡಿನ ಕಡೆಯ ಫಿನ್ನೋ-ಉಗ್ರಿಕ್ ಭಾಷೆಗಳ ಪಾಠವನ್ನು ಉಳಿಸಿಕೊಳ್ಳಲು ಕಟ್ಟಿದ ಸಮಿತಿ. ಅದಕ್ಕೊಂದು ಹೆಸರಿಡುವುದಕ್ಕೇ ನಾಲ್ಕು ತಿಂಗಳು ಹಿಡಿದಿತ್ತು. ವಿಮಲಮ್ಮನ ಗಂಡ ಚನ್ನಕೇಶವಯ್ಯ ಅಧ್ಯಕ್ಷರು, ಸೋಮಲಿಂಗಪ್ಪನವರು ಕಾರ್ಯದರ್ಶಿ, ಪಂಚಾಕ್ಷರಿಯವರು ಸಂಚಾಲಕರು. ನಾಲ್ಕನೆಯ ಸದಸ್ಯರಿರಲಿಲ್ಲ; ಕೊಡಲು ನಾಲ್ಕನೆಯ ಪದವಿ ಹೊಳೆದಿರಲಿಲ್ಲ. ನಮ್ಮ ದ್ರಾವಿಡ ನುಡಿಗಳಿಗೂ ಫಿನ್ಲೆಂಡಿನವರ ನುಡಿಗೂ ಹಳೆಯ ನಂಟಿದೆ ಎಂದು ಯಾವ ಕಾಲದಲ್ಲೋ ಯಾರೋ ಬರೆದದ್ದನ್ನು ಮೂವರೂ ತಮ್ಮ ಸ್ವಂತ ಶೋಧವೆಂಬಂತೆ ಹೇಳಿಕೊಂಡು ತಿರುಗುತ್ತಿದ್ದರು. ಆ ನಂಟಿನ ಮನೆಗೆ ಹೋಗಿ ಒಂದು ಲೋಟ ನೀರು ಕೇಳುವಷ್ಟು ಭಾಷೆ ಮೂವರಲ್ಲಿ ಒಬ್ಬರಿಗೂ ಬರುತ್ತಿರಲಿಲ್ಲ.

ಪಾಠವೇನೋ ನಡೆದಿತ್ತು. ಯಶವಂತಪುರದ ಕಡೆಯ ಕಾರ್ಖಾನೆಯೊಂದಕ್ಕೆ ಯಂತ್ರ ಕೂಡಿಸಲು ಬಂದಿದ್ದ ಫಿನ್ಲೆಂಡಿನ ಎಂಜಿನಿಯರನ ಹೆಂಡತಿ ಹಿಲ್ಕಾ, ಎಂಟು ತಿಂಗಳು ಇದೇ ಹಜಾರದಲ್ಲಿ ಕೂತು ಕಲಿಸಿದಳು. ಹನ್ನೊಂದು ಹುಡುಗರು ಬಂದರು, ಆಮೇಲೆ ಆರಾದರು, ಕೊನೆಗೆ ಉಪ್ಪಿಟ್ಟಿಗಾಗಿ ಇಬ್ಬರು. ಪಾಠ ಮುಗಿದ ಮೇಲೆ ಹಿಲ್ಕಾ ಅಡಿಗೆಮನೆಗೆ ಬಂದು, ಉದ್ದ ಕಾಲನ್ನು ಹೇಗೋ ಮಡಚಿ ಮಣೆಯ ಮೇಲೆ ಕೂರುತ್ತಿದ್ದಳು. ಉಪ್ಪಿನ ಮರಿಗೆ ತೋರಿಸಿ "ಸುವೊಲಾ" ಎನ್ನುತ್ತಿದ್ದಳು, ನೀರು ತೋರಿಸಿ "ವೆಸಿ", ಒಲೆ ತೋರಿಸಿ "ತುಲಿ". ವಿಮಲಮ್ಮ ತಿರುಗಿ ಹೇಳುತ್ತಿದ್ದಳು. ಬಿನ್ನಿಪೇಟೆಯಲ್ಲಿ ಗಿರಣಿಯ ಮೇಸ್ತ್ರಿಯಾಗಿದ್ದ ಅಪ್ಪ ಮಗಳನ್ನು ಹೈಸ್ಕೂಲು ಮುಗಿಸುವವರೆಗೆ ಓದಿಸಿದ್ದರು. ಅಲ್ಲಿಂದೀಚೆಗೆ ಹದಿನೇಳು ವರ್ಷ ಯಾರೂ ಅವಳಿಗೆ ಏನನ್ನೂ ಕಲಿಸಿರಲಿಲ್ಲ, ಹೇಳಿದ್ದೆಲ್ಲ ಕೆಲಸಗಳನ್ನು ಮಾತ್ರ. ಈ ಭಾಷೆಯಲ್ಲಿ ಇದುವರೆಗೆ ಒಬ್ಬರೂ ಅವಳಿಗೆ ಕಾಫಿ ತಾ ಎಂದಿರಲಿಲ್ಲ.

ಹಿಲ್ಕಾ ಊರಿಗೆ ಹೊರಟಳು. ಆರು ತಿಂಗಳಿಗೆ ಅವಳ ಊರಿನ ವಿಶ್ವವಿದ್ಯಾಲಯದಿಂದ ಒಂದು ಮರದ ಪೆಟ್ಟಿಗೆ ತುಂಬ ಪುಸ್ತಕ ಬಂತು. ಅದು ಯಾವ ಕಾಲೇಜಿನ ಲೈಬ್ರರಿಗೆ ಹೋಗಬೇಕೆಂದು ಮೂರು ಭಾನುವಾರ ವಾದ ನಡೆದು, ಕೊನೆಗೆ ಯಾವುದಕ್ಕೂ ಬೇಡ, ಅಧ್ಯಕ್ಷರ ಮನೆಯಲ್ಲೇ ಇರಲಿ, ಮೂರು ಬೀಗ ಹಾಕೋಣ, ಒಬ್ಬೊಬ್ಬರ ಹತ್ತಿರ ಒಂದೊಂದು ಬೀಗದಕೈ ಇರಲಿ ಎಂದು ನಿರ್ಣಯವಾಯಿತು. ಸೋಮಲಿಂಗಪ್ಪನವರು ತಮ್ಮದನ್ನು ಉಡಿದಾರಕ್ಕೆ ಕಟ್ಟಿಕೊಂಡರು. ಪಂಚಾಕ್ಷರಿಯವರು ತುಮಕೂರಿನ ಮಾವನ ಮನೆಯಲ್ಲಿ ಮರೆತು ಬಂದರು. ಪೆಟ್ಟಿಗೆ ತೆರೆದು ಒಂದು ವರ್ಷ ಎರಡು ತಿಂಗಳಾಗಿತ್ತು.

ಅಂದರೆ ಮುಂದಿನಿಂದ. ಹಿಂದಿನ ಕೀಲುಗಳಿಗೆ ನಾಲ್ಕೇ ತಿರುಪು. ಮಧ್ಯಾಹ್ನ ಪಾತ್ರೆ ತೊಳೆದ ಮೇಲೆ ವಿಮಲಮ್ಮ ಚಾಕುವಿನ ತುದಿಯಿಂದ ಅವನ್ನು ಬಿಚ್ಚಿ ಪುಸ್ತಕ ತೆಗೆದು ಓದುತ್ತಿದ್ದಳು. ಗಂಡ ಬರುವ ಹೊತ್ತಿಗೆ ತಿರುಪು ಹಾಕಿ, ಪೆಟ್ಟಿಗೆಯನ್ನು ಗೋಡೆಗೆ ಒತ್ತಿಡುತ್ತಿದ್ದಳು. ಇದಕ್ಕೆ ದೊಡ್ಡ ಬುದ್ಧಿಯೇನೂ ಬೇಕಿರಲಿಲ್ಲ. ಮೂವರು ಪಂಡಿತರಲ್ಲಿ ಒಬ್ಬರಾದರೂ ಪೆಟ್ಟಿಗೆಯ ಬೆನ್ನು ನೋಡಿದ್ದರೆ ಸಾಕಾಗಿತ್ತು.

ಈ ದಿನದ ಗಲಾಟೆ ಹಿಲ್ಕಾಳ ಊರಿನಿಂದ ಬಂದ ಹೊಸ ಕಾಗದದ್ದು. ಚನ್ನಕೇಶವಯ್ಯ ಅದರ ಇಂಗ್ಲಿಷನ್ನು ಗಟ್ಟಿಯಾಗಿ ಓದಿ ಹೇಳಿದ್ದರು. ಅಲ್ಲಿಯ ವಿಶ್ವವಿದ್ಯಾಲಯ ಇನ್ನೂ ನಾಲ್ಕರೊಡನೆ ಕೈಜೋಡಿಸಿ, ದೂರದ ಊರುಗಳಲ್ಲಿ ಈ ಪಾಠಗಳನ್ನು ಉಳಿಸಿಕೊಳ್ಳಲು ಹೊರಟಿದೆ. ಬೆಂಗಳೂರಿನಲ್ಲಿ ನಿಜವಾಗಿ ಕಲಿಯುವವರು ಒಬ್ಬರಿದ್ದರೂ ಸಾಕು. ಅವರು ಸ್ವಂತ ಕೈಯಿಂದ, ತಮ್ಮ ಒಂದು ದಿನದ ಬಗ್ಗೆ, ಆ ಭಾಷೆಯಲ್ಲಿ ಎರಡು ಪುಟ ಬರೆದು ಕಳಿಸಲಿ. ಅವರ ಹೆಸರಿಗೇ ತಿಂಗಳು ತಿಂಗಳು ಪಾಠ ಬರುತ್ತದೆ, ತಿದ್ದಿದ ಹಾಳೆ ಬರುತ್ತದೆ. ಯಾರೂ ಇಲ್ಲವಾದರೆ ಪುಸ್ತಕಗಳನ್ನು ಬೇರೊಂದು ಊರಿಗೆ ದಾಟಿಸಬೇಕು. ನಾಳೆ ಟಪ್ಪಾಲಿಗೆ ಹಾಕದಿದ್ದರೆ ಗಡುವು ಮೀರುತ್ತದೆ.

ವಿಮಲಮ್ಮನ ಸಟ್ಟುಗ ನಿಂತಿತು. ಬೇರೊಂದು ಊರು. ಪೆಟ್ಟಿಗೆ ಹೋದ ಮೇಲಿನ ಮಧ್ಯಾಹ್ನಗಳು ಕಣ್ಣಿಗೆ ಕಟ್ಟಿದವು. ರವೆ ಸೀಯತೊಡಗಿದ ಮೇಲೆ ಮತ್ತೆ ಕೈಯಾಡಿಸಿದಳು. ಸೀದ ಭಾಗವನ್ನೇ ಅವರಿಗೆ ಬಡಿಸುವುದೆಂದುಕೊಂಡಳು.

ಹಜಾರದಲ್ಲಿ ಕಲಿಯುವವರನ್ನು ಹುಡುಕುವ ಮಾತೇ ಏಳಲಿಲ್ಲ. ಒಬ್ಬ ವಿದ್ಯಾರ್ಥಿಯನ್ನು ಸೃಷ್ಟಿ ಮಾಡುವುದೆಂದು ಐದು ನಿಮಿಷಕ್ಕೆ ಒಪ್ಪಿಗೆಯಾಯಿತು. ಅವನು ಯಾವ ಕಾಲೇಜಿನವನು ಎಂಬುದಕ್ಕೆ ಒಂದು ಗಂಟೆ.

"ನಿಮ್ಮ ಕಾಲೇಜಿನಲ್ಲಿ ಇಲ್ಲದೋನು ನಮ್ಮಲ್ಲೂ ಇಲ್ಲ ಸಾರ್. ಹಾಗಿದ್ಮೇಲೆ ನಿಮ್ಮೋನು ಹ್ಯಾಗಾಗ್ತಾನೆ?" ಎಂದರು ಸೋಮಲಿಂಗಪ್ಪ.

"ಮೊದಲನೇ ವರ್ಷ ನಿಮ್ಮಲ್ಲಿ ಓದ್ದ ಅನ್ನಿ, ಎರಡನೇದು ನಮ್ಮಲ್ಲಿ," ಎಂದರು ಪಂಚಾಕ್ಷರಿ. "ಮೂರನೇದು ಅಧ್ಯಕ್ಷರಿಗೆ ಬಿಟ್ಕೊಡೋಣ. ಸಹಕಾರ ಅಂದ್ರೆ ಅದೇ ಅಲ್ವೇ?"

ಕೊನೆಗೆ ಮೂವರ ಹೆಸರಿನ ಮೊದಲಕ್ಷರ ಸೇರಿಸಿ ಸಿ. ಎಸ್. ಪಿ. ಮೂರ್ತಿ ಎಂಬ ತರುಣ ಹುಟ್ಟಿದ. ಚನ್ನಕೇಶವಯ್ಯನವರ ಮುಖದಲ್ಲಿ ಮಗು ಕಂಡಷ್ಟು ಸಂತೋಷವಿತ್ತು. ಬಡಿಸಿದ ಉಪ್ಪಿಟ್ಟನ್ನು ಮೂವರೂ ಬಾಯಿಚಪ್ಪರಿಸಿ ತಿಂದರು. ಸೀದ ರುಚಿಯೂ ತಿಳಿಯಲಿಲ್ಲ.

ಆಮೇಲೆ ಎರಡು ಪುಟ ಬರೆಯುವವರು ಯಾರೆಂಬ ಪ್ರಶ್ನೆ ಬಂತು. ಅತಿಥಿಗಳು ಹೊರಟ ಮೇಲೆ ಚನ್ನಕೇಶವಯ್ಯ ಅಡಿಗೆಮನೆಯ ಬಾಗಿಲಲ್ಲಿ ನಿಂತರು. ಕೈಯಲ್ಲಿ ಹಿಲ್ಕಾಳ ಪಾಠಕ್ಕೆ ಬರುತ್ತಿದ್ದ ಹುಡುಗನೊಬ್ಬ ಬಿಟ್ಟುಹೋದ ನೋಟುಬುಕ್ಕಿತ್ತು.

"ನಿನ್ನ ಅಕ್ಷರ ದುಂಡಗಿದೆ ಕಣೇ. ಇದರಲ್ಲಿ ಎಲ್ಲಿಂದಾದ್ರೂ ಎರಡು ಪುಟ ನಕಲು ಮಾಡ್ಬಿಡು. ಅರ್ಥ ಗೊತ್ತಾಗ್ಬೇಕು ಅಂತೇನಿಲ್ಲ. ಕೊನೇಲಿ ಸಿ. ಎಸ್. ಪಿ. ಮೂರ್ತಿ ಅಂತ ರುಜು ಹಾಕು."

"ಅವನ ಹೆಸರಿಗೆ ಪಾಠ ಬಂದ್ರೆ ಯಾರು ಓದ್ತಾರೆ?"

"ಓದೋದೇನು? ಪೆಟ್ಟಿಗೇಲಿಟ್ಟು ಬೀಗ ಹಾಕೋಣ. ಒಂದು ಅಪರೂಪದ ಭಾಷೆ ಈ ಊರಲ್ಲಿ ಉಳೀಬೇಕು ಅಂದ್ರೆ ಇಷ್ಟಾದ್ರೂ ಮಾಡ್ಬೇಕು. ನಿನಗದು ತಿಳಿಯೋದಿಲ್ಲ ಬಿಡು."

ಅವಳು ನೋಟುಬುಕ್ಕು ತೆಗೆದುಕೊಂಡಳು. ಅವರು ಒಳಗೆ ಹೋಗಿ ಮಲಗಿದರು. ಗೊರಕೆ ಶುರುವಾಗುವವರೆಗೆ ಕಾದು, ಅವಳು ನೋಟುಬುಕ್ಕು ಬಿಡಿಸಿದಳು. ಮೊದಲ ಪುಟದ ಎಂಟು ಸಾಲಿನಲ್ಲಿ ಹನ್ನೊಂದು ತಪ್ಪು. ಅದನ್ನೇ ಕಳಿಸಿದರೆ ಅಲ್ಲಿಯವರು ನಕ್ಕು ಪುಸ್ತಕ ವಾಪಸು ಕೇಳುತ್ತಾರೆ. ಮುಚ್ಚಿಟ್ಟಳು.

ಬರೆಯುವುದು ಕಷ್ಟವಾಗಲಿಲ್ಲ. ಬೆಳಿಗ್ಗೆ ಐದಕ್ಕೆ ಏಳುತ್ತೇನೆ. ನಲ್ಲಿಯಲ್ಲಿ ನೀರು ಆರರವರೆಗೆ ಮಾತ್ರ ಬರುತ್ತದೆ. ಈ ಬಡಾವಣೆಯಲ್ಲಿ ಮರಗಳಿಲ್ಲ, ಧೂಳಿದೆ. ಇವತ್ತು ಮೂವರು ಬಂದಿದ್ದರು, ಉಪ್ಪಿಟ್ಟು ಸೀದಿತ್ತು, ಅವರಿಗೆ ಗೊತ್ತಾಗಲಿಲ್ಲ. ಆ ಸಾಲಿಗೆ ಬಂದಾಗ ತುಟಿಯ ಕೊನೆ ಸಣ್ಣಗೆ ಬಿರಿಯಿತು. ಎರಡು ಪುಟ ಮೂರಾದವು.

ಕೊನೆಯಲ್ಲಿ ಲೇಖನಿ ನಿಂತಿತು. ಮೂರ್ತಿ ಎಂದು ಬರೆದರೆ ಎಲ್ಲವೂ ಸಲೀಸು. ಪಾಠ ಬರುತ್ತದೆ, ಪೆಟ್ಟಿಗೆ ಸೇರುತ್ತದೆ, ಹಿಂದಿನಿಂದ ತೆಗೆದು ಓದಬಹುದು. ಹಿಲ್ಕಾಳ ಊರಿನಲ್ಲಿ ಯಾರೋ ಹಾಳೆ ತಿದ್ದಿ, ಚೆನ್ನಾಗಿದೆ ಮೂರ್ತಿ, ಎಂದು ಬರೆಯುತ್ತಾರೆ. ತನ್ನ ಹೆಸರು ಬರೆದರೆ ಇನ್ನೆರಡು ತಿಂಗಳಿಗೆ ಟಪ್ಪಾಲಿನವನು ಈ ಬಾಗಿಲಲ್ಲಿ ಅದನ್ನು ಕೂಗಿ ಹೇಳುತ್ತಾನೆ. ಆಗ ಮೂವರ ಮುಖ ಹೇಗಾಗುತ್ತದೆಂದು ನೋಡಲು ಯತ್ನಿಸಿದಳು. ಗಂಡನ ಮುಖ ಮಾತ್ರ ಸರಿಯಾಗಿ ಕಂಡಿತು. ಅದರಲ್ಲಿ ಸಿಟ್ಟಿಗಿಂತ ಹೆಚ್ಚಾಗಿ, ಈ ಮನೆಯಲ್ಲಿ ಇನ್ನೊಬ್ಬರೂ ಇದ್ದಾರೆಯೇ ಎಂಬ ಗಾಬರಿಯಿತ್ತು. ಒಂದು ಕ್ಷಣ ಅಯ್ಯೋ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ತನ್ನ ಮೇಲೇ ಬೇಸರವಾಯಿತು.

ಅವಳು ರುಜು ಹಾಕಿದಳು. ತನ್ನ ಹೆಸರನ್ನು ಹತ್ತೊಂಬತ್ತು ವರ್ಷದ ಹಿಂದೆ ಹೈಸ್ಕೂಲಿನ ಪರೀಕ್ಷೆಯ ಹಾಳೆಗೆ ಹಾಕಿದ್ದೇ ಕೊನೆ.

ಚನ್ನಕೇಶವಯ್ಯ ಎದ್ದು ಬರುವ ಹೊತ್ತಿಗೆ ಅವಳು ತಪ್ಪಲೆಯಿಂದ ಅನ್ನದ ಅಗುಳು ತೆಗೆದು ಲಕೋಟೆಯ ಬಾಯಿಗೆ ಉಜ್ಜುತ್ತಿದ್ದಳು.

"ಅಂಟಿಸ್ಬಿಟ್ಟೆಯಾ? ಒಂದ್ಸಲ ಕಣ್ಣಾಡಿಸ್ಬೇಕಿತ್ತು."

"ತಪ್ಪಿಲ್ಲ ರೀ. ನೋಡಿದೀನಿ."

ಅವರು ತೃಪ್ತಿಯಿಂದ ತಲೆಯಾಡಿಸಿ, ಸಮಿತಿಯ ರಬ್ಬರ್ ಮುದ್ರೆ ತಂದು, ಅಂಟಿಸಿದ ಅಂಚಿನ ಮೇಲೆ ಎರಡು ಕೈಯಲ್ಲೂ ಒತ್ತಿದರು. ಅಂಟು ಇನ್ನೂ ಹಸಿಯಾಗಿತ್ತು. ನೀಲಿ ಶಾಯಿ ಅಕ್ಷರಗಳಿಂದ ಜಾರಿ ಸುತ್ತ ಹರಡಿತು. ಅದು ಒಣಗುವವರೆಗೆ ವಿಮಲಮ್ಮ ಲಕೋಟೆಯ ಎರಡು ಕೊನೆಗಳನ್ನೂ ಬೆರಳಿನಿಂದ ಒತ್ತಿಹಿಡಿದು ಕೂತಳು.