ಗೇಟು ಎತ್ತಬೇಡ

ಲಕ್ವ ಹೊಡೆದ ಮೇಲೆ ಪುಟ್ಟಬಸವಯ್ಯ ಹಾಡುವುದನ್ನೇ ಬಿಟ್ಟಿದ್ದರು. ಗಂಟಲು ಚೆನ್ನಾಗಿಯೇ ಇತ್ತು. ಎಡಗೈಗೆ ಏಕತಾರಿ ಹಿಡಿಯುವ ಬಲವಿರಲಿಲ್ಲ, ಬಲಗೈ ಬೆರಳು ಸದಾ ನಡುಗುತ್ತಿತ್ತು. ತಾನೇ ಮೀಟಿ ತಾನೇ ಹಾಡಿಕೊಂಡು ಬಂದ ಜೀವ. ಬೇರೆ ಯಾರು ಶ್ರುತಿ ಹಿಡಿದರೂ ಅವರಿಗೆ ದನಿಯೇ ಏಳುತ್ತಿರಲಿಲ್ಲ. ನಂಜನಗೂಡಿನ ಆ ಮನೆಯಲ್ಲಿ ಏಕತಾರಿ ಮೊಳೆಗೆ ತೂಗುತ್ತಾ ಧೂಳು ಹಿಡಿದಿತ್ತು.

ಮೊಮ್ಮಗಳು ನಂದಿತಾ ಮಾತು ಕಡಿಮೆಯ ಹುಡುಗಿ. ಬಿ.ಎಸ್ಸಿ. ಮುಗಿಸಿ ತಿ. ನರಸೀಪುರದ ಬ್ರೌಸಿಂಗ್ ಸೆಂಟರಿನಲ್ಲಿ ಕೆಲಸಕ್ಕಿದ್ದಳು. ಅಲ್ಲಿ ಸಿಕ್ಕ, ಕಂಪ್ಯೂಟರಿನಲ್ಲೇ ನಾದ ಕಟ್ಟುವ ಸಾಫ್ಟ್‌ವೇರಿನ ಒಂದು ಸೀಡಿಯನ್ನು ತಂದು ಮನೆಯ ಹಳೇ ಕಂಪ್ಯೂಟರಿಗೆ ಹಾಕಿದಳು. ಪರದೆ ತುಂಬ ಪುಟ್ಟ ಪೆಟ್ಟಿಗೆಗಳು. ಮೌಸಿನಿಂದ ಎಳೆದರೆ ಒಂದರಿಂದ ಇನ್ನೊಂದಕ್ಕೆ ಬಣ್ಣದ ವೈರು. ಒಂದು ಪೆಟ್ಟಿಗೆ ನಾದ ಹುಟ್ಟಿಸುತ್ತಿತ್ತು, ಮತ್ತೊಂದು ಅದನ್ನು ಏರಿಸಿ ಇಳಿಸುತ್ತಿತ್ತು. ನಾದ ಎಷ್ಟು ಹೊತ್ತು ನಿಲ್ಲಬೇಕೆಂದು ಹೇಳುವುದಕ್ಕೆ ಗೇಟು ಎಂದು ಹೆಸರು. ತಂತಿಯಿಲ್ಲ, ಬುರುಡೆಯಿಲ್ಲ, ಆದರೂ ಏಕತಾರಿಯಂಥ ಸದ್ದು ಹೊರಟಾಗ ಅವಳ ಮೈ ಜುಮ್ಮೆಂದಿತು. ತಾತ ಮತ್ತೆ ಹಾಡಬಹುದೇನೋ.

ಭಾನುವಾರ ಬೆಳಗ್ಗೆ ತಾತನ ಬೆರಳನ್ನು ಕೀಬೋರ್ಡಿನ ಉದ್ದನೆಯ ಕೀಲಿಯ ಮೇಲಿಟ್ಟಳು. ಬೆರಳು ನಡುಗಿದಾಗಲೆಲ್ಲ ಗೇಟು ತೆರೆದು ಮುಚ್ಚಿತು. ನಾದ ಚೂರುಚೂರಾಯಿತು.

"ಇದೇನಮ್ಮಿ, ಮೇಕೆ ಕೆಮ್ಮಿದಂಗದೆ," ಎಂದರು ಅಜ್ಜಿ ಗುರುಬಸಮ್ಮ, ಅಡುಗೆಮನೆಯಿಂದಲೇ.

"ನಿನ್ ಗೊರಕೆಗಿಂತ ವಾಸಿ ಸುಮ್ಕಿರು," ಎಂದರು ತಾತ.

ನಂದಿತಾ ಗೇಟನ್ನು ಉದ್ದ ಮಾಡಿದಳು. ನಾದ ಹೆಚ್ಚು ಹೊತ್ತು ನಿಂತಿತು, ಆದರೆ ಪ್ರತಿ ನಡುಕಕ್ಕೂ ಸೊನ್ನೆಗೆ ಬಿದ್ದು ಹೊಸದಾಗಿ ಏಳುತ್ತಿತ್ತು. ಹಾಗೆ ಮತ್ತೆ ಮತ್ತೆ ಮೀಟುವ ಮರುಮೀಟು ಪೆಟ್ಟಿಗೆಯನ್ನೇ ತೆಗೆದುಹಾಕಿದಳು. ಈಗ ಒಂದೇ ಸಮನೆ ಗುಂಯ್ ಎಂದಿತು.

ತಾತ ಬೆರಳು ತೆಗೆದರು. "ಇದು ಮಿಲ್ ಮೋಟ್ರು. ನಾನ್ ಮೀಟಿದ್ದೆಲ್ಲಿ?"

ನಂದಿತಾ ಪರದೆಯ ಮೇಲೆ ಗೇಟಿನ ಪೆಟ್ಟಿಗೆ ತೋರಿಸಿದಳು. "ಗೇಟು ತೆಗೆದಿದ್ರೆ ಮಾತ್ರ ಸದ್ದು ಬರೋದು ತಾತ. ಮುಚ್ಚಿದ್ರೆ ಕಟ್ ಆಗುತ್ತೆ."

"ಉಲ್ಟಾ ಯೋಳ್ತಿದ್ದೀಯ," ಎಂದು ತಾತ ನಕ್ಕರು. ರೈಲ್ವೆ ಗೇಟಿನಲ್ಲಿ ಕೆಲಸ ಮಾಡಿ ರಿಟೈರಾದವರು ಅವರು. "ಗೇಟಾಕಿದ್ರೆ ತಾನೆ ರೈಲು ಓಡೋದು? ತೆಗೆದ್ರೆ ಎತ್ತಿನಗಾಡಿ ಬತ್ತದೆ ಅಷ್ಟೇಯ."

"ಒಂದು ಹೋಗ್ತಿದ್ದಂಗೆ ಇನ್ನೊಂದು ರೈಲು ಬಂದ್ರೆ?"

"ಕ್ರಾಸಿಂಗಿದ್ದಾಗ ಅಂಗೇ ಆಗೋದು. ಮೊದ್ಲುದು ಓಗಿದ್ರೂ ನಾನ್ ಗೇಟು ಎತ್ತಾಕಿಲ್ಲ. ಬಿದ್ದಿರೋ ಗೇಟ್ನಾಗೇ ಎರಡ್ನೇದೂ ಓಯ್ತದೆ. ಸೈಕಲ್ನೋರು ಬೈಕತಾ ನಿಂತಿರೋರು."

ನಂದಿತಾ ಪರದೆ ನೋಡಿದಳು. ಅವಳು ಮೊದಲು ಗೇಟು, ಮರುಮೀಟು ಎರಡನ್ನೂ ಒಂದೇ ವೈರಿಗೆ ಕಟ್ಟಿದ್ದಳು. ಬೆರಳು ನಡುಗಿದರೆ ಗೇಟೂ ಅಲುಗುತ್ತಿತ್ತು, ಮೀಟೂ ಮೊದಲಿನಿಂದ ಶುರುವಾಗುತ್ತಿತ್ತು. ವೈರು ಬಿಡಿಸಿದಳು. ಗೇಟು ಗೇಟಿನ ಪಾಡಿಗೆ ಇರಲಿ ಎಂದು ಅದನ್ನು ಇನ್ನೂ ಉದ್ದಕ್ಕೆ ಬಿಟ್ಟಳು. ತೆಗೆದಿದ್ದ ಮರುಮೀಟನ್ನು ಮತ್ತೆ ತಂದು ಅದಕ್ಕೆ ಬೇರೆ ದಾರಿ ಕೊಟ್ಟು, ನಾದ ಎಲ್ಲಿರುತ್ತದೋ ಅಲ್ಲಿಂದಲೇ ಮೇಲೇಳುವಂತೆ ಮಾಡಿದಳು.

"ಇಟ್ಟು ನೋಡಿ ತಾತ."

ತಾತ ಬೆರಳಿಟ್ಟರು. ನಾದ ತುಂಬಿ ನಿಂತಿತು. ಬೆರಳು ನಡುಗಿತು, ನಾದ ಮುರಿಯಲಿಲ್ಲ, ಮೈದುಂಬಿ ಮೇಲೆದ್ದಿತು. ಮತ್ತೆ ನಡುಗಿತು, ಮತ್ತೆ ಎದ್ದಿತು. ಮುಚ್ಚಿಡಬೇಕೆಂದು ಅವಳು ಒದ್ದಾಡಿದ್ದ ನಡುಕವೇ ಈಗ ತಂತಿಯ ಮಿಡಿತವಾಗಿತ್ತು. ಮೊಳೆಗೆ ತೂಗುತ್ತಿದ್ದ ಏಕತಾರಿ ಕೂಡ ಸಣ್ಣಗೆ ಝೇಂಕರಿಸಿತು.

ತಾತ ಕಣ್ಣು ಮುಚ್ಚಿದರು. ಒಡಕು ದನಿ ಒಂದೆರಡು ಸಲ ತಡವರಿಸಿ ಶ್ರುತಿಯನ್ನು ಹಿಡಿಯಿತು, ಹಿಡಿದದ್ದು ಬಿಡಲಿಲ್ಲ. ಗುರುಬಸಮ್ಮ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಿಗೆ ಒರಗಿದರು. ಒಳಗೆ ರೊಟ್ಟಿ ಸೀಯುವ ವಾಸನೆ ಬಂದರೂ ಅಲುಗಲಿಲ್ಲ.

ಪದ ಮುಗಿಯಿತು. ನಿಲ್ಲಿಸಲೆಂದು ನಂದಿತಾಳ ಕೈ ಮೌಸಿನ ಕಡೆ ಹೋಯಿತು.

"ಗೇಟು ಎತ್ತಬ್ಯಾಡ ಕಣಮ್ಮಿ," ಎಂದರು ತಾತ, ಕಣ್ಣು ತೆರೆಯದೆ. "ಇನ್ನೊಂದು ಬತ್ತಾ ಅದೆ."